ಗಿಂಡಿಗೆ ಬರೆಯಬೇಕಾದ ಅರ್ಜಿ

ತಮಿಳುನಾಡಿನ ಕೃಷಿ ಮಾರಾಟ ಇಲಾಖೆಯ ಕೇಂದ್ರ ಕಚೇರಿ ಇರುವುದು ಗಿಂಡಿಯ ತಿರು.ವಿ.ಕ. ಕೈಗಾರಿಕಾ ವಸಾಹತಿನಲ್ಲಿ. ಲೇತು, ಬೋಲ್ಟುಗಳ ಕಾರ್ಖಾನೆಗಳ ನಡುವೆ ರೈತನ ಬೆಳೆಗೆ ಗಿರಾಕಿ ಹುಡುಕುವ ಕಚೇರಿ! ಆ ಕಚೇರಿಯ ತೀರ್ಮಾನಗಳಿಗೆ ಒಳಪಟ್ಟ ರೈತರಲ್ಲಿ ಕನ್ನಡಿಗರೂ ಇದ್ದಾರೆಂಬ ಸಂಗತಿ ಚೆನ್ನೈನ ಕನ್ನಡಿಗರಾದ ನಮ್ಮ ಸಭೆಗಳಲ್ಲಿ ಚರ್ಚೆಗೆ ಬರುವುದೇ ಇಲ್ಲ. ತಾಳವಾಡಿ, ಅಂದಿಯೂರಿನ ಮೇಲಿನ ಬರಗೂರು ಬೆಟ್ಟ, ಡೆಂಕಣಿಕೋಟೆ, ಹೊಸೂರು: 1956ರ ಭಾಷಾವಾರು ಪುನರ್ವಿಂಗಡಣೆಯಲ್ಲಿ ಈಚೆಯೇ ಉಳಿದ ಈ ಸೀಮೆಗಳ ಹೆಸರನ್ನು ನಾವು ರಾಜ್ಯೋತ್ಸವದ ಭಾಷಣದಲ್ಲಿ ಗದ್ಗದರಾಗಿ ಉಚ್ಚರಿಸುತ್ತೇವೆ. ಅಲ್ಲಿ ಬೆಳೆದದ್ದನ್ನು ಕೊಳ್ಳುವವರು ಯಾರು ಎಂದು ಮಾತ್ರ ಕೇಳುವುದಿಲ್ಲ. ತಾಳವಾಡಿ ಎಂದೊಡನೆ ನಮಗೆ ನೆನಪಾಗುವುದು 2000ದ ಜುಲೈ 30ರಂದು ದೊಡ್ಡಗಾಜನೂರಿನಿಂದ ನಡೆದ ರಾಜಕುಮಾರ್ ಅವರ ಅಪಹರಣ. 108 ದಿನಗಳ ತರುವಾಯ ಅವರ ಬಿಡುಗಡೆಯಾಯಿತು. ಜೊತೆಗೆ ತಾಳವಾಡಿಗೂ ನಮ್ಮ ಮನಸ್ಸಿನಿಂದ ಬಿಡುಗಡೆಯಾಯಿತು.

ಸಂಘವು ಸಾಂಸ್ಕೃತಿಕ ಸಂಸ್ಥೆ, ಮಂಡಿಯ ವ್ಯವಹಾರ ಅದಕ್ಕೆ ಸಲ್ಲದು ಎನ್ನುವ ಹಿರಿಯರಿದ್ದಾರೆ. ಅವರ ಬಗ್ಗೆ ಗೌರವವಿಟ್ಟುಕೊಂಡೇ ಕೇಳುತ್ತೇನೆ: ಎರಡೆಕರೆಯ ರೈತ ಬೆಳೆಗೆ ಬೆಲೆ ಸಿಗದೆ ಭೂಮಿಯನ್ನು ಬೀಳುಬಿಟ್ಟು ತಿರುಪ್ಪೂರಿನ ಬನಿಯನ್ ಕಾರ್ಖಾನೆಗೆ ಸಂಸಾರ ಸಮೇತ ನಡೆದರೆ, ಆ ಊರಿನ ಕನ್ನಡ ಶಾಲೆಯ ಹಾಜರಿ ಪುಸ್ತಕದಲ್ಲಿ ಉಳಿಯುವ ಹೆಸರುಗಳು ಯಾರವು? ಆಮೇಲೆ ನಾವು ಕಳಿಸುವ ಉಚಿತ ಪಠ್ಯಪುಸ್ತಕಗಳನ್ನು ಓದುವವರು ಯಾರು?

ಸಣ್ಣ ಹಿಡುವಳಿಯ ಕಷ್ಟ ಬೆಳೆಯುವುದರಲ್ಲಿಲ್ಲ, ಮಾರುವುದರಲ್ಲಿದೆ. ಇಪ್ಪತ್ತು ಕ್ರೇಟು ಟೊಮೆಟೊಗಾಗಿ ಲಾರಿ ಬರುವುದಿಲ್ಲ. ಬರುವುದು ದಲ್ಲಾಳಿಯ ವ್ಯಾನು, ಅದೂ ಬಿತ್ತನೆಯ ಹೊತ್ತಿಗೆ ಮುಂಗಡ ಕೊಟ್ಟವನ ವ್ಯಾನು. ಮುಂಗಡ ಪಡೆದವನಿಗೆ ಬೇರೆ ಗಿರಾಕಿಯನ್ನು ಹುಡುಕುವ ಸ್ವಾತಂತ್ರ್ಯವಿಲ್ಲ. ಬೆಲೆ ಗೊತ್ತಾಗುವುದು ಮಾಲು ಮಂಡಿ ಸೇರಿದ ಮೇಲೆ. ಕಮಿಷನ್, ಹಮಾಲಿ, ಸಾಗಾಟ, ಕೊಳೆತದ ಕಳೆತ ಎಲ್ಲವೂ ಹೋಗಿ ಉಳಿದದ್ದು ಚೀಟಿಯಲ್ಲಿ ಬರುತ್ತದೆ. ತಾಳವಾಡಿಯವನಿಗೆ ಘಟ್ಟದ ಕಾಟವೂ ಇದೆ. ಸತ್ಯಮಂಗಲಕ್ಕೆ ಇಳಿಯಬೇಕಾದರೆ ದಿಂಬದ 27 ತಿರುವುಗಳು. ವನ್ಯಜೀವಿಗಳ ರಕ್ಷಣೆಗಾಗಿ 2022ರ ಫೆಬ್ರವರಿಯಲ್ಲಿ ಆ ದಾರಿಯಲ್ಲಿ ರಾತ್ರಿ ಸಂಚಾರಕ್ಕೆ ನಿರ್ಬಂಧ ಬಂದಾಗ ಅಲ್ಲಿಯ ಜನ ಬೀದಿಗಿಳಿದರು. ಇರುಳಿನಲ್ಲಿ ಹೊರಟು ನಸುಕಿನ ಹರಾಜಿಗೆ ತಲುಪಬೇಕಾದ ಎಲೆಕೋಸು ಚೆಕ್‌ಪೋಸ್ಟಿನಲ್ಲಿ ಬಾಡಿದರೆ ಅದನ್ನು ಕೊಳ್ಳುವವರಾರು? ಆನೆಗೆ ದಾರಿ ಬೇಕು, ಒಪ್ಪೋಣ, ಎಲೆಕೋಸಿಗೂ ಬೇಕಲ್ಲವೆ?

ಉಳವರ್ ಸಂದೈ ಇದೆಯಲ್ಲ ಎನ್ನುವವರಿಗೆ ಉತ್ತರ ಹೇಳಬೇಕು. 1999ರ ನವೆಂಬರಿನಲ್ಲಿ ಮಧುರೆಯಲ್ಲಿ ಕರುಣಾನಿಧಿಯವರ ಸರ್ಕಾರ ಆರಂಭಿಸಿದ ಈ ರೈತಸಂತೆ ಒಳ್ಳೆಯ ಯೋಜನೆ, ಅನುಮಾನವಿಲ್ಲ. ರೈತನಿಗೆ ಭಾವಚಿತ್ರವಿರುವ ಗುರುತಿನ ಚೀಟಿ, ತಕ್ಕಡಿ, ಜಾಗ, ದಲ್ಲಾಳಿಗೆ ಪ್ರವೇಶವಿಲ್ಲ. ಆದರೆ ಅಲ್ಲಿ ಮಾರುವವನು ಬೆಳೆದವನೇ ಆಗಿರಬೇಕು. ಬೆಳಗಿನಿಂದ ಕುಳಿತು ಕಿಲೋ ಲೆಕ್ಕದಲ್ಲಿ ತೂಗಬೇಕು. ಪಟ್ಟಣದ ಮಗ್ಗುಲಲ್ಲಿ ಸೊಪ್ಪು ಬೆಳೆಯುವವನಿಗೆ ಇದು ವರ. ಒಂದೇ ವಾರದಲ್ಲಿ ಹೊಲವೆಲ್ಲ ಹಣ್ಣಾಗಿ ನಿಲ್ಲುವ ಬೆಟ್ಟದ ರೈತನಿಗೆ ಬೇಕಾಗಿರುವವನು ಸಗಟು ಗಿರಾಕಿ. ಕರ್ನಾಟಕದಲ್ಲಿ ಮರಿಗೌಡರು 1959ರಲ್ಲಿಯೇ ಬೆಳೆಗಾರರ ಸಹಕಾರ ಸಂಘ ಕಟ್ಟಿ, ಮುಂದೆ ಹಾಪ್‌ಕಾಮ್ಸ್ ಎಂದು ಹೆಸರಾದ ಸಂಸ್ಥೆಗೆ ತಳಹದಿ ಹಾಕಿದರು. ಗಡಿಯ ಈಚೆಯ ಕನ್ನಡಿಗನ ಪಾಲಿಗೆ ಅದು ನೆರೆಮನೆಯ ದೀಪ.

ಜಾನುವಾರಿನ ಮಾತು ಇನ್ನೂ ಕಹಿ. ಬರಗೂರು ಬೆಟ್ಟದಲ್ಲಿ ಕನ್ನಡ ಮಾತನಾಡುವ ಲಿಂಗಾಯತ ಮನೆತನಗಳು ಸಾಕಿ ಉಳಿಸಿಕೊಂಡು ಬಂದ ತಳಿಯೊಂದಿದೆ. ಕೆಂಪು ಮೈಗೆ ಬಿಳಿ ಮಚ್ಚೆ, ಹಾಲು ಕಡಿಮೆ, ಓಟ ಮಾತ್ರ ಗಾಳಿ. ಆಡಿ ಮಾಸದಲ್ಲಿ ಅಂದಿಯೂರಿನ ಗುರುನಾಥಸ್ವಾಮಿಯ ಜಾತ್ರೆಯೇ ಇವುಗಳ ದೊಡ್ಡ ಸಂತೆ. ದನದ ಜಾತ್ರೆಗಳಲ್ಲಿ ಟವೆಲಿನ ಮರೆಯಲ್ಲಿ ಬೆರಳು ಹಿಡಿದು ಬೆಲೆ ಕಟ್ಟುವ ಪದ್ಧತಿಗೆ ತಮಿಳೂ ಬೇಡ, ಕನ್ನಡವೂ ಬೇಡ! ಆದರೆ ಉಳುವ ಎತ್ತಿನ ಕೆಲಸವನ್ನು ಟ್ರ್ಯಾಕ್ಟರು ಕಸಿದುಕೊಂಡಮೇಲೆ ಹಿಡಿಯಲು ಮುಂದೆ ಬರುವ ಕೈಗಳೇ ಕಡಿಮೆ. 2022ರಲ್ಲಿ ಮದ್ರಾಸ್ ಉಚ್ಚ ನ್ಯಾಯಾಲಯ ಅಭಯಾರಣ್ಯಗಳಲ್ಲಿ ದನ ಮೇಯಿಸುವುದನ್ನು ನಿಷೇಧಿಸಿತು. 2024ರಲ್ಲಿ ಬರಗೂರಿನ ಕಾಡೇ ತಂದೈ ಪೆರಿಯಾರ್ ವನ್ಯಜೀವಿಧಾಮವಾಯಿತು. ಇತ್ತ ಕರ್ನಾಟಕದ 2020ರ ಜಾನುವಾರು ಹತ್ಯೆ ಪ್ರತಿಬಂಧಕ ಕಾಯಿದೆಯ ನಂತರ ಮುದಿ ದನವನ್ನು ಗಡಿ ದಾಟಿಸುವುದಿರಲಿ, ವ್ಯಾನಿಗೆ ಹತ್ತಿಸಲೂ ವ್ಯಾಪಾರಿ ಅಂಜುತ್ತಾನೆ. ಮೇಯಿಸಲು ಕಾಡಿಲ್ಲ, ಮಾರಲು ಗಿರಾಕಿಯಿಲ್ಲ. ಗೋಮಾತೆಯ ಬಗ್ಗೆ ಭಾಷಣ ಬಿಗಿಯುವ ನಮ್ಮವರಲ್ಲಿ ಒಬ್ಬರಾದರೂ ಬರಗೂರಿನ ಒಂದು ಜೋಡಿ ಹೋರಿಯನ್ನು ಕೊಂಡಿದ್ದಾರೆಯೆ?

ಈ ನಗರದಲ್ಲಿ ನಮ್ಮವರ ದೊಡ್ಡ ಕಸುಬು ಯಾವುದು? ಹೋಟೆಲು. ಉಡುಪಿಯಿಂದ ಬಂದವರು ಮದರಾಸಿಗೆ ಇಡ್ಲಿ ಸಾಂಬಾರಿನ ಶಿಸ್ತನ್ನು ಕಲಿಸಿದರೆಂದು ನಾವು ಹೆಮ್ಮೆಪಡುತ್ತೇವೆ. ಮೊದಲು ಕೊತ್ವಾಲ್ ಚಾವಡಿಯಲ್ಲಿ, 1996ರಿಂದೀಚೆಗೆ ಕೊಯಮ್ಬೇಡಿನಲ್ಲಿ, ಈ ಹೋಟೆಲುಗಳಿಗೆ ದಿನಾ ತರಕಾರಿ ಕೊಳ್ಳಲಾಗುತ್ತದೆ. ಹೊಸೂರು, ಕೋಲಾರಗಳ ಟೊಮೆಟೊ ಅಲ್ಲಿಗೇ ಬರುತ್ತದೆ. ಬೆಳೆದವನೂ ಕನ್ನಡಿಗ, ಬೇಯಿಸುವವನೂ ಕನ್ನಡಿಗನಾದ ಎಷ್ಟೋ ಬುಟ್ಟಿಗಳು ಮೂರು ಕಮಿಷನ್ ತೆತ್ತು ಕೈ ಬದಲಾಯಿಸುತ್ತವೆ. 2020ರ ಮೇ ತಿಂಗಳಲ್ಲಿ ಸೋಂಕಿನ ಕಾರಣ ಕೊಯಮ್ಬೇಡು ಮುಚ್ಚಿದಾಗಲಾದರೂ ನೇರ ಖರೀದಿಯ ಯೋಚನೆ ಬರಬೇಕಿತ್ತು. ಆ ಸೆಪ್ಟೆಂಬರಿನಲ್ಲಿ ಬಾಗಿಲು ತೆರೆಯಿತು, ಹಳೆಯ ಮಂಡಿಗೇ ಹಿಂತಿರುಗಿದೆವು.

ಇದು ತಮಿಳರ ವಿರುದ್ಧದ ದೂರಲ್ಲ. ತಮಿಳು ರೈತನೂ ಅದೇ ದಲ್ಲಾಳಿಯ ಕೈಯಲ್ಲಿದ್ದಾನೆ. ಸಂವಿಧಾನದ 350ನೆಯ ವಿಧಿಯ ಪ್ರಕಾರ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಕುಂದುಕೊರತೆಯ ಅರ್ಜಿ ಸಲ್ಲಿಸಬಹುದು. ತಾಳವಾಡಿ, ಹೊಸೂರು ಸೀಮೆಗಳಲ್ಲಿ ಧಾರಣೆಯ ಫಲಕ ಮತ್ತು ತೂಕದ ಚೀಟಿ ಕನ್ನಡದಲ್ಲಿಯೂ ಇರಲಿ, ಬೆಟ್ಟದಲ್ಲಿಯೇ ಸಗಟು ಖರೀದಿಯ ಏರ್ಪಾಡಾಗಲಿ ಎಂದು ಗಿಂಡಿಯ ಕಚೇರಿಗೆ ಕನ್ನಡದಲ್ಲಿಯೇ ಬರೆಯಲು ನಮ್ಮ ಸಂಘಕ್ಕೆ ಅಡ್ಡಿಯೇನು? 2002ರ ತಿದ್ದುಪಡಿಯಂತೆ ರೈತರು ಉತ್ಪಾದಕ ಕಂಪನಿಯನ್ನು ಸ್ಥಾಪಿಸಬಹುದು. ಆದರೆ ನಿಶ್ಚಿತ ಗಿರಾಕಿಯಿಲ್ಲದೆ ಅದು ಬರಿಯ ನೋಂದಣಿ ಪತ್ರ. ನಮ್ಮ ಹೋಟೆಲಿಗರಲ್ಲಿ ಹತ್ತು ಮಂದಿ ವಾರಕ್ಕೆ ಇಷ್ಟು ಕ್ರೇಟು, ಇಂಥ ದರಕ್ಕೆ ಎಂದು ಬರೆದುಕೊಟ್ಟರೆ ಸಾಕು, ಒಂದು ಕಂಪನಿ ನಿಲ್ಲುತ್ತದೆ. ರಾಜ್ಯೋತ್ಸವದ ವೇದಿಕೆಗೆ ದೇಣಿಗೆ ಕೇಳುವ ಮುನ್ನ ಪದಾಧಿಕಾರಿಗಳು ಈ ಹಾಳೆಯನ್ನು ಅವರ ಮುಂದಿಡಲಿ.