ಪರರ ಮನವನ್ನರಿಯುವ ಅರ್ಹತೆ

ಮನುಷ್ಯನು ನೋಡಿದ ಚಿತ್ರವನ್ನು ಅವನ ಮಿದುಳಿನ ಸ್ಕ್ಯಾನ್ ಆಧರಿಸಿ ಮರುರಚಿಸುವ ಪ್ರಯೋಗವನ್ನು ಜಪಾನಿನ ಒಸಾಕಾ ವಿಶ್ವವಿದ್ಯಾಲಯದ ಸಂಶೋಧಕರು 2023ರಲ್ಲಿ ಪ್ರಕಟಿಸಿದರು. ನೋಡುವಾಗ ಮಿದುಳಿನ ಯಾವ ಭಾಗದಲ್ಲಿ ರಕ್ತದ ಹರಿವು ಹೆಚ್ಚಿತೆಂಬುದನ್ನು ಎಫ್‌ಎಂಆರ್‌ಐ ಯಂತ್ರ ಗುರುತಿಸುತ್ತದೆ. ಆ ಗುರುತುಗಳಿಂದ ಕೃತಕ ಬುದ್ಧಿಮತ್ತೆ ಚಿತ್ರವನ್ನು ಕಟ್ಟುತ್ತದೆ. ಕಣ್ಣೆದುರಿಲ್ಲದೆ ಬರಿದೇ ನೆನೆದ ರೂಪವನ್ನು ಹೊರತೆಗೆಯುವುದು ಇನ್ನೂ ಕಠಿಣ. ಆದರೂ ಆ ದಿಕ್ಕಿನಲ್ಲಿ ಪ್ರಯತ್ನ ನಡೆದಿದೆ.

ಆಗಮಗಳು ಹೇಳಿದ ಮನಃಪರ್ಯಯ ಜ್ಞಾನವೇ ಇದು ಎಂದು ಹಿಗ್ಗುವ ಶ್ರಾವಕರೂ ಇರಬಹುದು. ಹಿಗ್ಗು ಸಹಜ, ಆದರೆ ಹೋಲಿಕೆ ಸಲ್ಲದು. ಮತಿ, ಶ್ರುತ, ಅವಧಿ, ಮನಃಪರ್ಯಯ, ಕೇವಲ ಎಂಬ ಐದು ಜ್ಞಾನಗಳಲ್ಲಿ ಮೊದಲೆರಡು ಪರೋಕ್ಷ, ಉಳಿದ ಮೂರು ಪ್ರತ್ಯಕ್ಷ. ಮನಃಪರ್ಯಯವು ಇಂದ್ರಿಯಗಳ ನೆರವಿಲ್ಲದೆ ಆತ್ಮದಿಂದಲೇ ಉಂಟಾಗುವ ಅರಿವು. ಯಂತ್ರವು ತೋರುವುದಾದರೋ ಪುದ್ಗಲದ ಚಲನೆಯಿಂದ ಮಾಡಿದ ಊಹೆ; ಅದನ್ನು ನೋಡಿ ತಿಳಿಯಲು ಮತ್ತೆ ಕಣ್ಣೇ ಬೇಕು.

ಇದಕ್ಕಿಂತ ದೊಡ್ಡ ಅಂತರ ಇನ್ನೊಂದಿದೆ. ಅವಧಿ ಮತ್ತು ಮನಃಪರ್ಯಯಗಳ ಭೇದವನ್ನು ಹೇಳುವಾಗ ತತ್ತ್ವಾರ್ಥಸೂತ್ರದಲ್ಲಿ ಆಚಾರ್ಯ ಉಮಾಸ್ವಾಮಿಗಳು ವಿಶುದ್ಧಿ, ಕ್ಷೇತ್ರ, ವಿಷಯಗಳ ಜೊತೆಗೆ ‘ಸ್ವಾಮಿ’ಯನ್ನೂ ಎಣಿಸಿದ್ದಾರೆ, ಎಂದರೆ ಆ ಜ್ಞಾನ ಯಾರಲ್ಲಿ ಉಂಟಾಗುತ್ತದೆ ಎಂಬುದನ್ನು. ಅವಧಿಜ್ಞಾನವು ದೇವರಿಗೂ ನಾರಕಿಗಳಿಗೂ ಹುಟ್ಟಿನಿಂದಲೇ ಬರುತ್ತದೆ. ಮನಃಪರ್ಯಯ ಹಾಗಲ್ಲ, ಅದು ಸಂಯಮಿಯಾದ ಮುನಿಗೆ ಮಾತ್ರ. ಮೂರು ಜ್ಞಾನಗಳೊಡನೆಯೇ ಜನಿಸುವ ತೀರ್ಥಂಕರರಿಗೂ ಇದು ದೊರೆಯುವುದು ದೀಕ್ಷೆಯನ್ನು ಸ್ವೀಕರಿಸಿದ ಬಳಿಕವೇ. ಅರಮನೆಯಲ್ಲಿರುವಷ್ಟು ಕಾಲ, ಪ್ರಜೆಗಳ ಮನಸ್ಸನ್ನರಿತರೆ ರಾಜ್ಯಭಾರಕ್ಕೆ ಎಷ್ಟು ಅನುಕೂಲವಿದ್ದರೂ, ಅದು ಅವರಿಗಿಲ್ಲ. ಪರರ ಮನದಿಂದ ತನಗೆ ಏನೂ ಬೇಡವಾದವನಿಗೇ ಪರರ ಮನ ತೆರೆಯುತ್ತದೆ ಎಂಬುದು ಇದರಿಂದ ಹೊಳೆಯುವ ಅರ್ಥ.

ಯಂತ್ರಕ್ಕೆ ಒಡೆಯನಾಗಲು ಇಂತಹ ಯಾವ ವ್ರತವೂ ಬೇಡ, ಹಣವಿದ್ದರೆ ಸಾಕು. ಮಾತು ಕಳೆದುಕೊಂಡು ಹಾಸಿಗೆ ಹಿಡಿದವರ ಮನದಿಂಗಿತವನ್ನು ತಿಳಿಯಲು ಇದು ನೆರವಾಗುವುದಾದರೆ ಅದು ಅನುಕಂಪೆಯ ಕಾರ್ಯವೇ ಸರಿ, ಅದನ್ನು ಅಲ್ಲಗಳೆಯಬೇಕಿಲ್ಲ. ಸದ್ಯಕ್ಕೆ ಒಂದು ತಡೆಯೂ ಇದೆ: ಸ್ವಯಿಚ್ಛೆಯಿಂದ ಬಂದವರು ಗಂಟೆಗಟ್ಟಲೆ ಯಂತ್ರದೊಳಗೆ ಅಲುಗದೆ ಮಲಗಿ ಸಹಕರಿಸಬೇಕು. ಸಾಧನಗಳು ಸಣ್ಣದಾಗಿ, ಅಗ್ಗವಾಗಿ, ವರ್ತಕನ ಅಥವಾ ಆರಕ್ಷಕನ ಕೈಸೇರಿದಾಗ ಆ ತಡೆ ಉಳಿದೀತೆ? ಚಿಲಿ ದೇಶವು 2021ರಲ್ಲಿಯೇ ಮಿದುಳಿನ ಚಟುವಟಿಕೆಗೆ ಸಂವಿಧಾನದ ರಕ್ಷಣೆಯನ್ನು ನೀಡಿತು. ಅಚೌರ್ಯವನ್ನು ಅಣುವ್ರತವಾಗಿ ಪಾಲಿಸುವ ಶ್ರಾವಕನಿಗೆ ಇದು ಹೊಸ ಮಾತಲ್ಲ. ಕೊಡದೆ ಇದ್ದುದನ್ನು ತೆಗೆದುಕೊಳ್ಳುವುದೇ ಅದತ್ತಾದಾನ. ಉದ್ಯೋಗ ಕಳೆದುಕೊಳ್ಳುವ ಭಯದಿಂದಲೋ ಶಿಕ್ಷೆಗೆ ಅಂಜಿಯೋ ಒಬ್ಬನು ಹಾಕಿದ ಒಪ್ಪಿಗೆಯ ಸಹಿಯಿಂದ ಅವನ ಮನಸ್ಸು ‘ದತ್ತ’ವಾಗಿಬಿಡುವುದಿಲ್ಲ.