‘ಇನ್ಶೂರೆನ್ಸ್ ಸೇರಿದೆ’ ಅಂದರೆ ಯಾವುದು ಸೇರಿದೆ?

ಉಮ್ರಾ ಪ್ಯಾಕೇಜಿನ ಪಾಂಪ್ಲೆಟ್ ನೋಡಿದವರಿಗೆಲ್ಲ ಆ ಸಾಲು ಗೊತ್ತು. ವೀಸಾ, ವಿಮಾನ ಟಿಕೆಟ್, ರೂಮು, ಮೂರು ಹೊತ್ತು ಊಟ, ಝಿಯಾರತ್, ಇನ್ಶೂರೆನ್ಸ್ ಎಲ್ಲ ಸೇರಿ ಇಷ್ಟು ರೂಪಾಯಿ. ರೂಮು ಹರಮ್‌ನಿಂದ ಎಷ್ಟು ದೂರ, ಊಟ ನಮ್ಮ ಕಡೆಯದ್ದಾ, ಒಂದು ರೂಮಿಗೆ ಎಷ್ಟು ಜನ, ಗುಂಪಿನ ಅಮೀರ್ ಯಾರು ಅಂತ ನಾವು ಹತ್ತು ಸಲ ವಿಚಾರಿಸುತ್ತೇವೆ. ಕೊನೆಯ ಆ ಒಂದು ಪದದ ಬಗ್ಗೆ ಮಾತ್ರ ಯಾರೂ ಕೇಳುವುದಿಲ್ಲ. ‘ಸೇರಿದೆ’ ಅಂತ ಬರೆದ ಮೇಲೆ ಇನ್ನೇನು ಕೇಳುವುದು ಅನ್ನುವ ಧೈರ್ಯ.

ನಾನು ಹೇಳಬೇಕೆಂದಿರುವುದು ಇಷ್ಟೇ. ಪ್ರಯಾಣ ಮಾರುವವರು ಕೊಡುವ ಇನ್ಶೂರೆನ್ಸ್ ಬೇರೆ, ನಾವೇ ಹೋಗಿ ನಮಗೆ ಬೇಕಾದ್ದನ್ನು ನೋಡಿ ಮಾಡಿಸುವ ಇನ್ಶೂರೆನ್ಸ್ ಬೇರೆ. ಕೆಲವರಿಗೆ ಮೊದಲನೆಯದೇ ಸಾಕು. ಆದರೆ ಮನೆಯ ಹಿರಿಯರನ್ನು ಕಳಿಸುವಾಗ ಅದೊಂದನ್ನೇ ನಂಬಿ ಕೂರಬಾರದು.

ಮೊದಲು ವೀಸಾ ಜೊತೆಗೆ ಬರುವ ಇನ್ಶೂರೆನ್ಸ್ ಏನೆಂದು ನೋಡೋಣ. ಹೊರದೇಶದಿಂದ ಉಮ್ರಾಗೆ ಬರುವವರಿಗೆ ಸೌದಿ ಸರಕಾರ 2020ರಿಂದ ಇದನ್ನು ಕಡ್ಡಾಯ ಮಾಡಿದೆ. ವೀಸಾ ಶುಲ್ಕದ ಜೊತೆಗೇ ಅದರ ಹಣವೂ ಹೋಗುತ್ತದೆ. 2023ರ ಜನವರಿಯಲ್ಲಿ ಅದರ ದರವನ್ನು 235 ರಿಯಾಲ್‌ನಿಂದ 87 ರಿಯಾಲ್‌ಗೆ ಇಳಿಸಿದರು. ಆಸ್ಪತ್ರೆಯ ತುರ್ತು ಚಿಕಿತ್ಸೆಗೆ ಒಂದು ಲಕ್ಷ ರಿಯಾಲ್‌ವರೆಗೆ, ಅಂದರೆ ನಮ್ಮ ಲೆಕ್ಕದಲ್ಲಿ 20 ಲಕ್ಷ ರೂಪಾಯಿ ಮೀರುವ ಮೊತ್ತದವರೆಗೆ ಅದು ನೋಡಿಕೊಳ್ಳುತ್ತದೆ. ಅಪಘಾತ, ಮರಣ, ಮಯ್ಯಿತ್ ಊರಿಗೆ ಕಳಿಸುವ ಖರ್ಚು, ವಿಮಾನ ತಡವಾಗುವುದು ಇವೂ ಅದರಲ್ಲಿ ಬರುತ್ತವೆ. ಕೊಟ್ಟ ಹಣಕ್ಕೆ ಇದೇನೂ ಕಡಿಮೆಯಲ್ಲ. ಇದನ್ನು ಹೀಗಳೆಯುವ ಉದ್ದೇಶ ನನಗಿಲ್ಲ.

ಆದರೆ ಅದರ ಮಿತಿ ತಿಳಿದಿರಲಿ. ಅದು ಸೌದಿಯ ಗಡಿಯೊಳಗೆ ಮಾತ್ರ ನಡೆಯುತ್ತದೆ. ನಮ್ಮವರಲ್ಲಿ ಎಷ್ಟೋ ಜನ ದುಬೈ, ಶಾರ್ಜಾ, ದೋಹಾ, ಮಸ್ಕತ್ ಮೂಲಕ ವಿಮಾನ ಬದಲಾಯಿಸಿ ಹೋಗುವವರು. ಅಲ್ಲಿ ಉಮ್ಮನಿಗೆ ಎದೆನೋವು ಬಂತು, ಆ ಊರಿನ ಆಸ್ಪತ್ರೆಗೆ ಸೇರಿಸಿದರು ಅಂತಿಟ್ಟುಕೊಳ್ಳಿ. ಸೌದಿ ವೀಸಾದ ಇನ್ಶೂರೆನ್ಸ್ ಅಲ್ಲಿ ಕೆಲಸಕ್ಕೆ ಬರುವುದಿಲ್ಲ. ಹೊರಡುವ ಹಿಂದಿನ ದಿನ ಬಾಪ ಇಲ್ಲೇ ಆಸ್ಪತ್ರೆ ಸೇರಿ ಪ್ರಯಾಣ ನಿಂತುಹೋದರೆ ಟಿಕೆಟ್ ಮತ್ತು ರೂಮಿನ ಹಣ ಅದು ಕೊಡುವುದಿಲ್ಲ. ತುರ್ತಲ್ಲದ, ಇಲ್ಲಿಂದಲೇ ನಡೆದುಬಂದ ಚಿಕಿತ್ಸೆಗೂ ಅದು ಅಲ್ಲ.

ಇನ್ನು ಏಜೆನ್ಸಿಯವರು ತಮ್ಮ ಕಡೆಯಿಂದ ಸೇರಿಸುವ ಟ್ರಾವೆಲ್ ಇನ್ಶೂರೆನ್ಸ್. ಕೆಲವರು ನಿಜವಾಗಿಯೂ ಒಳ್ಳೆಯ ಪಾಲಿಸಿ ಮಾಡಿಸಿ ಪ್ರತಿಯೊಬ್ಬರ ಹೆಸರಿನ ಪ್ರತಿ ಕೊಡುತ್ತಾರೆ. ಕೆಲವರು ವೀಸಾದ ಕಡ್ಡಾಯ ಇನ್ಶೂರೆನ್ಸನ್ನೇ ತಮ್ಮ ಉಪಕಾರ ಎಂಬಂತೆ ತೋರಿಸುತ್ತಾರೆ. ನಾನಿರುವ ದಾವಣಗೆರೆಯ ಎಂ.ಸಿ.ಸಿ. ಬಡಾವಣೆಯಲ್ಲಿ ಒಂದು ಮನೆಯವರು ಅರುವತ್ತು ದಾಟಿದ, ಸಕ್ಕರೆ ಕಾಯಿಲೆ ಇರುವ ತಾಯಿಯನ್ನು ಕಳಿಸಲು ಹೊರಟಿದ್ದರು. ಇನ್ಶೂರೆನ್ಸ್ ಪೇಪರ್ ಕೊಡಿ ಅಂತ ಕೇಳಿ ಅಂದೆ. ಎರಡು ದಿನ ಕಾದ ಮೇಲೆ ವಾಟ್ಸ್ಆ್ಯಪ್‌ನಲ್ಲಿ ಒಂದು ಪುಟ ಬಂತು. ಅದರಲ್ಲಿ ಗುಂಪಿನ ಹೆಸರುಗಳಿದ್ದವು. ಎಷ್ಟು ಮೊತ್ತ, ಯಾವ ಕಾಯಿಲೆಗೆ ಇಲ್ಲ, ತೊಂದರೆಯಾದರೆ ಯಾವ ನಂಬರಿಗೆ ಫೋನ್ ಮಾಡಬೇಕು, ಒಂದೂ ಇರಲಿಲ್ಲ. ಮೋಸವೇ ಆಗಿದೆ ಅಂತ ನಾನು ಹೇಳುವುದಿಲ್ಲ. ಆದರೆ ಮಕ್ಕಾದ ಆಸ್ಪತ್ರೆಯ ಕೌಂಟರಿನಲ್ಲಿ ನಿಂತು ಆ ಪುಟ ತೋರಿಸಿದರೆ ಏನು ಪ್ರಯೋಜನ?

ಹಡಗಿನ ಪ್ರವಾಸದಲ್ಲೂ ಇದೇ ಕಥೆ. ಈಗ ಮುಂಬಯಿಯಿಂದ ಗೋವಾ, ಲಕ್ಷದ್ವೀಪ, ಕೊಚ್ಚಿ ಕಡೆಗೆ ಕ್ರೂಸ್ ಹಡಗಿನಲ್ಲಿ ಹೋಗುವ ಕುಟುಂಬಗಳಿವೆ. ಗಲ್ಫ್‌ನಲ್ಲಿರುವ ಮಕ್ಕಳು ಅಲ್ಲಿಂದ ಟಿಕೆಟ್ ಮಾಡಿ ತಂದೆತಾಯಿಯನ್ನು ಕರೆದುಕೊಂಡು ಹೋಗುವುದೂ ಇದೆ. ಹಡಗಿನ ಕಂಪೆನಿಗಳು ಮಾರುವ ಇನ್ಶೂರೆನ್ಸ್ ಸುಲಭ, ಟಿಕೆಟ್ ಜೊತೆಗೇ ಸಿಗುತ್ತದೆ. ಆದರೆ ಸಾಮಾನ್ಯವಾಗಿ ಅದು ಆ ಹಡಗಿನ ಪ್ರಯಾಣಕ್ಕೆ ಅಂಟಿಕೊಂಡದ್ದು. ನಾವು ಬೇರೆಯಾಗಿ ಮಾಡಿಸಿದ ವಿಮಾನ, ಹೋಟೆಲ್ ಅದರಲ್ಲಿ ಬರುವುದು ಕಡಿಮೆ. ಪ್ರಯಾಣ ರದ್ದಾದರೆ ಕೆಲವು ಕಂಪೆನಿಗಳು ನಗದಿನ ಬದಲು ಮುಂದಿನ ಪ್ರಯಾಣಕ್ಕೆ ಕ್ರೆಡಿಟ್ ಕೊಡುತ್ತವೆ. ಹಡಗಿನ ಡಾಕ್ಟರ್ ನೋಡಿದ್ದಕ್ಕೆ ಬಿಲ್ ಬೇರೆ. ನಡುಸಮುದ್ರದಿಂದ ಹೆಲಿಕಾಪ್ಟರ್‌ನಲ್ಲಿ ದಡಕ್ಕೆ ತರಬೇಕಾಗಿ ಬಂದರೆ ಅದರ ಖರ್ಚು ಸಾಮಾನ್ಯ ಸಂಸಾರ ತಡೆಯುವಂಥದ್ದಲ್ಲ. ಮಾರುವವರ ಇನ್ಶೂರೆನ್ಸ್ ಅವರು ಮಾರಿದ ಸರಕಿನಷ್ಟೇ ಉದ್ದ. ನಮ್ಮ ಪ್ರಯಾಣ ಅದಕ್ಕಿಂತ ಉದ್ದ.

ಟಿಕೆಟ್ ಜೊತೆಗೆ ಬರುವುದೆಲ್ಲ ಕೆಟ್ಟದ್ದು ಅಂತಲೂ ಅಲ್ಲ. ದಾವಣಗೆರೆಯಿಂದಲೋ ಹರಿಹರದಿಂದಲೋ ಬೆಂಗಳೂರಿಗೆ ಐಆರ್‌ಸಿಟಿಸಿಯಲ್ಲಿ ರೈಲು ಟಿಕೆಟ್ ಮಾಡುವಾಗ 45 ಪೈಸೆಗೆ ಇನ್ಶೂರೆನ್ಸ್ ಬೇಕೇ ಎಂದು ಕೇಳುತ್ತದೆ. ರೈಲು ಅಪಘಾತದಲ್ಲಿ ಮರಣವಾದರೆ 10 ಲಕ್ಷ, ಆಸ್ಪತ್ರೆ ಖರ್ಚಿಗೆ 2 ಲಕ್ಷದವರೆಗೆ. ಇಷ್ಟು ಅಗ್ಗ ಯಾಕೆ? ಅದು ರೈಲು ಅಪಘಾತ ಮತ್ತು ಅಂಥ ಅವಘಡಗಳಿಗೆ ಮಾತ್ರ, ರೈಲಿನಲ್ಲಿ ಕೂತಾಗ ಬಂದ ಕಾಯಿಲೆಗೆ ಅಲ್ಲ. ಅದರಲ್ಲೂ ಟಿಕೆಟ್ ಆದ ಮೇಲೆ ನಾಮಿನಿ ಹೆಸರು ತುಂಬಲು ಒಂದು ಲಿಂಕ್ ಬರುತ್ತದೆ. ಅದನ್ನು ತೆರೆದು ತುಂಬಿದವರು ನಮ್ಮಲ್ಲಿ ಎಷ್ಟು ಜನ? ಆನ್‌ಲೈನ್‌ನಲ್ಲಿ ಪ್ರವಾಸದ ಟಿಕೆಟ್ ಮಾರುವವರು ಗ್ರಾಹಕ ಕೇಳದೆಯೇ ಇನ್ಶೂರೆನ್ಸಿಗೆ ಮೊದಲೇ ಟಿಕ್ ಹಾಕಿಡಬಾರದು ಅಂತ ವಿಮಾ ನಿಯಂತ್ರಣ ಸಂಸ್ಥೆ ಐಆರ್‌ಡಿಎಐ ಹೇಳಿದೆ. ಬೇಕೋ ಬೇಡವೋ ಎನ್ನುವ ನಿರ್ಧಾರ ನಮ್ಮದು ಎಂದೇ ಅದರ ಅರ್ಥ.

ಹಾಗಾದರೆ ಯಾರಿಗೆ ಬೇರೆ ಪಾಲಿಸಿ ಬೇಕು? ಮೂವತ್ತು ನಲವತ್ತರ ಪ್ರಾಯ, ಕಾಯಿಲೆ ಇಲ್ಲ, ನೇರ ವಿಮಾನ, ಹತ್ತು ಹನ್ನೆರಡು ದಿನದ ಉಮ್ರಾ, ಇಂಥವರಿಗೆ ವೀಸಾದ ಇನ್ಶೂರೆನ್ಸ್ ಸಾಕು ಅಂತ ನನಗನಿಸುತ್ತದೆ. ಒಂದೇ ಆಸ್ಪತ್ರೆ ಬಿಲ್ಲಿಗೆ ಎರಡು ಕಡೆಯಿಂದ ಪೂರ್ತಿ ಹಣ ಸಿಗುವುದಿಲ್ಲ. ಹಾಗಾಗಿ ಸುಮ್ಮನೆ ಎರಡೆರಡು ಮಾಡಿಸಿ ದುಡ್ಡು ಹಾಳು ಮಾಡಬೇಕಾಗಿಲ್ಲ. ಆದರೆ ಅರುವತ್ತು ದಾಟಿದವರು, ಸಕ್ಕರೆ, ಬಿಪಿ, ಹೃದಯದ ತೊಂದರೆ ಇರುವವರು, ಬೇರೆ ದೇಶದಲ್ಲಿ ಇಳಿದು ಹೋಗುವವರು, ಉಮ್ರಾ ಮುಗಿಸಿ ದುಬೈಯಲ್ಲೋ ಬಹರೈನ್‌ನಲ್ಲೋ ಮಗನ ಮನೆಯಲ್ಲಿ ತಿಂಗಳು ಉಳಿಯುವವರು, ಇವರಿಗೆ ಬೇರೆಯಾಗಿ ಒಂದು ಪಾಲಿಸಿ ಮಾಡಿಸುವುದು ಮಕ್ಕಳ ಜವಾಬ್ದಾರಿ. ಮಗನಿಗೆ ಕಂಪೆನಿ ಕೊಟ್ಟ ಹೆಲ್ತ್ ಇನ್ಶೂರೆನ್ಸ್ ವಿಸಿಟ್ ವೀಸಾದಲ್ಲಿ ಬಂದ ತಂದೆತಾಯಿಗೆ ಆಗುವುದಿಲ್ಲ. ಊರಿನ ಆಯುಷ್ಮಾನ್ ಕಾರ್ಡು ದೇಶದ ಹೊರಗೆ ನಡೆಯುವುದಿಲ್ಲ. ಇಲ್ಲಿಯ ಸಾಮಾನ್ಯ ಹೆಲ್ತ್ ಪಾಲಿಸಿಗಳಲ್ಲೂ ಹೆಚ್ಚಿನವು ಭಾರತದೊಳಗೆ ಮಾತ್ರ.

ಪಾಲಿಸಿ ಮಾಡಿಸುವಾಗ ಮುಖ್ಯವಾಗಿ ನೋಡಬೇಕಾದ್ದು ಹಳೆಯ ಕಾಯಿಲೆಯ ವಿಷಯ. ಹೆಚ್ಚಿನ ಟ್ರಾವೆಲ್ ಪಾಲಿಸಿಗಳು ಮೊದಲೇ ಇದ್ದ ಕಾಯಿಲೆಗೆ ಹಣ ಕೊಡುವುದಿಲ್ಲ, ಅಥವಾ ಪ್ರಾಣಾಪಾಯ ಬಂದಾಗ ಮಾತ್ರ ಒಂದು ಮಿತಿವರೆಗೆ ಕೊಡುತ್ತವೆ. ಕೆಲವು ಕಂಪೆನಿಗಳಲ್ಲಿ ಹೆಚ್ಚು ಹಣ ಕೊಟ್ಟರೆ ಇದಕ್ಕೂ ರಕ್ಷಣೆ ಸಿಗುತ್ತದೆ. ಪ್ರಾಯ ಹೆಚ್ಚಾದ ಹಾಗೆ ದರವೂ ಏರುತ್ತದೆ. ಆ ಹಣ ಉಳಿಸಲು ಫಾರ್ಮಿನಲ್ಲಿ ‘ಕಾಯಿಲೆ ಇಲ್ಲ’ ಅಂತ ಬರೆಯುವ ಅಭ್ಯಾಸ ನಮ್ಮಲ್ಲಿದೆ. ಏಜೆಂಟರೇ ಹಾಗೆ ಬರೆಸುವುದೂ ಉಂಟು. ಇದು ಸುಳ್ಳು, ಇಹ್ರಾಮ್ ಕಟ್ಟಲು ಹೊರಟವರು ಸುಳ್ಳಿನ ಮೇಲೆ ಸಹಿ ಹಾಕಿ ಹೊರಡುವುದು ಸರಿಯಲ್ಲ. ಇದರಿಂದ ಲಾಭವೂ ಇಲ್ಲ. ಆಸ್ಪತ್ರೆಯವರು ಮೊದಲು ಕೇಳುವುದೇ ಯಾವ ಮಾತ್ರೆ ತಿನ್ನುತ್ತೀರಿ ಅಂತ. ಅದು ದಾಖಲೆಗೆ ಹೋದ ಕೂಡಲೇ ಕಂಪೆನಿಗೆ ಹಣ ನಿರಾಕರಿಸಲು ದಾರಿ ಸಿಕ್ಕಿತು.

ಆಸ್ಪತ್ರೆಗೆ ಕಂಪೆನಿಯೇ ನೇರ ಹಣ ಕಟ್ಟುತ್ತದಾ, ನಾವು ಕಟ್ಟಿ ಆಮೇಲೆ ಪಡೆಯಬೇಕಾ, ಮೊದಲ ಎಷ್ಟು ಡಾಲರ್ ನಮ್ಮ ಕೈಯಿಂದ ಹೋಗುತ್ತದೆ, 24 ಗಂಟೆಯ ಸಹಾಯ ನಂಬರ್ ಯಾವುದು ಇವನ್ನೂ ಕೇಳಿ. ದೇಶ ಬಿಟ್ಟು ಹೊರಟ ಮೇಲೆ ಇಲ್ಲಿಯ ಪಾಲಿಸಿ ಮಾಡಿಸಲು ಸಾಮಾನ್ಯವಾಗಿ ಆಗುವುದಿಲ್ಲ. ಹಾಗಾಗಿ ಟಿಕೆಟ್ ಆದ ವಾರದಲ್ಲೇ ಇದನ್ನು ಮುಗಿಸಬೇಕು.

ಇನ್ನೊಂದು ವ್ಯತ್ಯಾಸ ಇದೆ, ಇದನ್ನು ಯಾರೂ ಹೇಳುವುದಿಲ್ಲ. ಸೌದಿಯ ಇನ್ಶೂರೆನ್ಸ್ ವಿಷಯದಲ್ಲಿ ತಕರಾರು ಬಂದರೆ ನಾವು ಅಲ್ಲಿಯ ಕಂಪೆನಿ, ಅಲ್ಲಿಯ ಕಚೇರಿ ಹಿಡಿಯಬೇಕು. ಇಲ್ಲಿಯ ಕಂಪೆನಿಯ ಪಾಲಿಸಿಯಾದರೆ ಮೊದಲು ಕಂಪೆನಿಗೆ ಬರೆದು ದೂರು ಕೊಡಬಹುದು. ಒಂದು ತಿಂಗಳಲ್ಲಿ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಸರಿ ಕಾಣದಿದ್ದರೆ, ಬೆಂಗಳೂರಿನಲ್ಲಿರುವ ವಿಮಾ ಓಂಬುಡ್ಸ್‌ಮನ್ ಬಳಿ ಒಂದು ವರ್ಷದೊಳಗೆ ಹೋಗಬಹುದು. ಶುಲ್ಕ ಇಲ್ಲ, ವಕೀಲರೂ ಬೇಕಾಗಿಲ್ಲ. 50 ಲಕ್ಷ ರೂಪಾಯಿವರೆಗಿನ ವ್ಯಾಜ್ಯವನ್ನು ಅವರು ನೋಡುತ್ತಾರೆ. ಐಆರ್‌ಡಿಎಐಯ ಉಚಿತ ಸಹಾಯವಾಣಿ 155255.

ಇನ್ಶೂರೆನ್ಸ್ ಮಾಡಿಸಿದ ಕಾರಣಕ್ಕೆ ಎಲ್ಲ ಭಯವೂ ಹೋಯಿತು ಅಂದುಕೊಳ್ಳಬೇಡಿ. ಏಜೆನ್ಸಿಯವರೇ ಹಣ ತೆಗೆದುಕೊಂಡು ಬಾಗಿಲು ಹಾಕಿದರೆ ಸಾಮಾನ್ಯ ಟ್ರಾವೆಲ್ ಪಾಲಿಸಿ ಅದಕ್ಕೆ ಪರಿಹಾರ ಕೊಡುವುದಿಲ್ಲ. ಅದಕ್ಕೆ ಮದ್ದು ರಸೀದಿ, ಬ್ಯಾಂಕ್ ಮೂಲಕ ಪಾವತಿ ಮತ್ತು ಏಜೆನ್ಸಿಯ ಹಿನ್ನೆಲೆ ವಿಚಾರಿಸುವುದು.

ಈಗ ಹಲವರ ಮನಸ್ಸಿನಲ್ಲಿರುವ ಪ್ರಶ್ನೆ. ‘ಉಸ್ತಾದ್, ಇನ್ಶೂರೆನ್ಸ್ ಹಲಾಲಾ?’ ಇದರಲ್ಲಿ ಉಲಮಾಗಳ ನಡುವೆ ಚರ್ಚೆ ಇದೆ. 1985ರ ಡಿಸೆಂಬರಿನಲ್ಲಿ ಜಿದ್ದಾದಲ್ಲಿ ಸೇರಿದ ಅಂತರರಾಷ್ಟ್ರೀಯ ಇಸ್ಲಾಮಿಕ್ ಫಿಕ್ಹ್ ಅಕಾಡೆಮಿ ವಾಣಿಜ್ಯ ವಿಮೆಯಲ್ಲಿ ಅನಿಶ್ಚಿತತೆಯ ದೋಷ ಇದೆ, ಪರಸ್ಪರ ಸಹಕಾರದ ವಿಮೆ ಅದಕ್ಕೆ ಪರ್ಯಾಯ ಎಂದು ತೀರ್ಮಾನಿಸಿತು. ಅಂಥ ತಕಾಫುಲ್ ಪಾಲಿಸಿ ನಮ್ಮ ದೇಶದಲ್ಲಿ ಸಿಗುವುದಿಲ್ಲ. ವೀಸಾದ ಇನ್ಶೂರೆನ್ಸ್ ಕಡ್ಡಾಯ, ಅಲ್ಲಿ ನಮಗೆ ಆಯ್ಕೆ ಇಲ್ಲ. ಸ್ವಂತಕ್ಕೆ ಮಾಡಿಸುವುದರ ಬಗ್ಗೆ ಸಂಶಯ ಇದ್ದರೆ ನಿಮ್ಮ ಖತೀಬರನ್ನು ಕೇಳಿ, ಅವರು ಹೇಳಿದ ಹಾಗೆ ನಡೆಯಿರಿ. ಮಾಡಿಸುವುದಿಲ್ಲ ಎಂದು ತೀರ್ಮಾನಿಸಿದವರು ಅಷ್ಟಕ್ಕೇ ನಿಲ್ಲಬಾರದು ಎನ್ನುವುದು ನನ್ನ ವಿನಂತಿ. ಮಕ್ಕಳು, ಸಹೋದರರು ಸೇರಿ ತುರ್ತಿಗೆ ಬೇಕಾಗುವ ಹಣವನ್ನು ಬೇರೆ ಇಡಲಿ. ಜಮಾಅತ್‌ನಿಂದ ಉಮ್ರಾಗೆ ಹೋಗುವವರು ಸೇರಿ ಸಣ್ಣ ಸಹಾಯನಿಧಿ ಮಾಡಿಕೊಳ್ಳಲಿ. ಒಂಟೆಯನ್ನು ಕಟ್ಟಿ ಆಮೇಲೆ ತವಕ್ಕುಲ್ ಮಾಡಬೇಕೆಂದು ಮದ್ರಸದ ಮಕ್ಕಳಿಗೆ ನಾವೇ ಪಾಠ ಹೇಳುತ್ತೇವಲ್ಲ.

1995ರವರೆಗೂ ಮುಂಬಯಿಯಿಂದ ಜಿದ್ದಾಕ್ಕೆ ಹಜ್ ಹಡಗು ಹೋಗುತ್ತಿತ್ತು. ಆ ಕಾಲದ ನಮ್ಮ ಹಿರಿಯರಿಗೆ ಇನ್ಶೂರೆನ್ಸ್ ಗೊತ್ತಿರಲಿಲ್ಲ. ಆದರೆ ಹೊರಡುವ ಮೊದಲು ಸಾಲ ತೀರಿಸಿ, ವಸಿಯ್ಯತ್ ಬರೆಸಿ, ಮನೆಖರ್ಚಿಗೆ ಹಣ ಇಟ್ಟು, ಎಲ್ಲರ ಬಳಿ ಪೊರುತ್ತ ಕೇಳಿ ಹೊರಡುತ್ತಿದ್ದರು. ತನ್ನಿಂದ ಇನ್ನೊಬ್ಬರಿಗೆ ಭಾರ ಆಗಬಾರದು ಎನ್ನುವುದೇ ಆ ಸಿದ್ಧತೆ. ಇನ್ಶೂರೆನ್ಸ್ ಕಾಗದವನ್ನು ಕುಳಿತು ಓದುವುದೂ ಅದೇ ಸಾಲಿಗೆ ಸೇರುವ ಕೆಲಸ.

ಜಮಾಅತ್ ಕಮಿಟಿಗಳಿಗೆ ಒಂದು ಮಾತು. ಉಮ್ರಾ ಗುಂಪಿಗೆ ಬೀಳ್ಕೊಡುವ ದುಆ ಮಜ್ಲಿಸ್ ಇಡುತ್ತೀರಿ, ಶಾಲು ಹಾಕುತ್ತೀರಿ. ಅದಕ್ಕೆ ಹದಿನೈದು ದಿನ ಮೊದಲು ಅರ್ಧ ಗಂಟೆ ಹೋಗುವವರನ್ನೂ ಅವರ ಮಕ್ಕಳನ್ನೂ ಕೂರಿಸಿ, ಏಜೆನ್ಸಿಯವರನ್ನೂ ಕರೆಸಿ, ಇನ್ಶೂರೆನ್ಸ್ ಪೇಪರನ್ನು ಓದಿಸಿ. ಪ್ರತಿಯೊಬ್ಬರ ಹೆಸರು, ಮೊತ್ತ, ಸಹಾಯ ನಂಬರ್ ಇರುವ ಒಂದು ಪ್ರತಿ ಪಾಸ್‌ಪೋರ್ಟ್ ಜೊತೆಗಿರಲಿ, ಇನ್ನೊಂದು ಮನೆಯಲ್ಲಿರಲಿ. ಪೇಪರ್ ಕೊಡಲು ತಯಾರಿಲ್ಲದ ಏಜೆನ್ಸಿಗೆ ‘ಸೇರಿದೆ’ ಅಂತ ಬರೆಯುವ ಹಕ್ಕಿಲ್ಲ. ಅಂಥವರ ಕೈಗೆ ಮುಂಗಡ ಕೊಡುವ ಮೊದಲು ಇನ್ನೊಂದು ಏಜೆನ್ಸಿಯಲ್ಲಿ ವಿಚಾರಿಸಿ.