ಸಾಬೂನು ಕೆಡುವುದುಂಟೇ?

ಶಾಲೆಯ ಬಳಕೆಗೆಂದು ರಕ್ಷಕರು ಮನೆಯಲ್ಲಿಯೇ ದ್ರವ ಸಾಬೂನು ತಯಾರಿಸಿ ಕೊಡುವುದು ಮೆಚ್ಚತಕ್ಕ ಕಾರ್ಯವೇ. ಆದರೆ ಅದಕ್ಕೆ ಸಂರಕ್ಷಕ ದ್ರವ್ಯ ಬೇಡವೇ ಎಂದು ಕೇಳಿದರೆ, ಕೊಳೆಯನ್ನೇ ತೊಳೆಯುವ ವಸ್ತು ತಾನು ಹೇಗೆ ಕೆಟ್ಟೀತು ಎಂಬ ಮರುಪ್ರಶ್ನೆ ಬರುತ್ತದೆ. ವಾದ ಕಿವಿಗೆ ಇಂಪು. ಸಾಕ್ಷ್ಯ ಅದಕ್ಕೆ ಪ್ರತಿಕೂಲ. ಅಮೆರಿಕದ ಪ್ರಾಥಮಿಕ ಶಾಲೆಯೊಂದರಲ್ಲಿ ನಡೆದು 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮತ್ತೆ ಮತ್ತೆ ತುಂಬಿಸುತ್ತಿದ್ದ 14 ಸಾಬೂನು ಪೆಟ್ಟಿಗೆಗಳೂ ಬ್ಯಾಕ್ಟೀರಿಯಾಗಳಿಂದ ಕಲುಷಿತವಾಗಿದ್ದವು. ಆ ಸಾಬೂನಿನಿಂದ ಕೈ ತೊಳೆದ ಮಕ್ಕಳ ಕೈಗಳಲ್ಲಿ ಕೆಲವು ಜಾತಿಯ ಬ್ಯಾಕ್ಟೀರಿಯಾಗಳು ತೊಳೆಯುವ ಮೊದಲಿಗಿಂತ ಹೆಚ್ಚಾಗಿದ್ದವು.

ದ್ರವ ಸಾಬೂನೆಂಬ ಒಂದೇ ಹೆಸರಿನಡಿ ಬೇರೆ ಬೇರೆ ವಸ್ತುಗಳು ಅಡಗಿರುವುದೇ ಗೊಂದಲದ ಮೂಲ. ತೆಂಗಿನೆಣ್ಣೆಗೆ ಕಾಸ್ಟಿಕ್ ಪೊಟ್ಯಾಶ್ ಸೇರಿಸಿ ಮಾಡಿದ ನಿಜವಾದ ಸಾಬೂನಿನ ಪಿಎಚ್ 9ರಿಂದ 10ರಷ್ಟಿರುತ್ತದೆ. ಆ ಕ್ಷಾರತೆಯಲ್ಲಿ ಹೆಚ್ಚಿನ ಸೂಕ್ಷ್ಮಜೀವಿಗಳು ಬೆಳೆಯಲಾರವು. ಶುದ್ಧ ನೀರಿನಲ್ಲಿ ಗಟ್ಟಿಯಾಗಿ ಕರಗಿಸಿ ಬೇರೇನನ್ನೂ ಬೆರೆಸದಿದ್ದರೆ ಅದು ಸಂರಕ್ಷಕವಿಲ್ಲದೆಯೂ ತಿಂಗಳುಗಟ್ಟಲೆ ನಿಲ್ಲಬಲ್ಲದು. ಲೋಳೆಸರ, ಜೇನು, ತುಳಸಿಯ ಕಷಾಯ ಸೇರಿಸಿದೊಡನೆ ಸ್ಥಿತಿ ಬೇರೆ: ಅವು ಸೂಕ್ಷ್ಮಜೀವಿಗಳಿಗೆ ಆಹಾರ. ಉಳಿತಾಯದ ಹೆಸರಿನಲ್ಲಿ ಬಾವಿಯ ನೀರು ಸುರಿದಷ್ಟೂ ರಕ್ಷಣೆ ಕುಂದುತ್ತದೆ. ಇನ್ನು ಅಂಟುವಾಳದ ಕಷಾಯದಲ್ಲಿ ಕ್ಷಾರವೇ ಇಲ್ಲ. ಅದು ತುಸು ಆಮ್ಲೀಯ. ಹೊರಗಿಟ್ಟರೆ ಕೆಲವೇ ದಿನಗಳಲ್ಲಿ ಹುಳಿತು ನಾರುತ್ತದೆ. ಅಂದಂದಿಗೆ ಬೇಕಾದಷ್ಟನ್ನೇ ನೆನೆಹಾಕುವುದು ಮೇಲು.

ಸಂರಕ್ಷಕವೆಂದು ಕೈಗೆ ಸಿಕ್ಕಿದ್ದನ್ನು ಹಾಕುವುದೂ ಸರಿಯಲ್ಲ. ಉಪ್ಪಿನಕಾಯಿಗೆ ಬಳಸುವ ಸೋಡಿಯಂ ಬೆಂಜೊಯೇಟ್ ಆಮ್ಲದಲ್ಲಿ ಮಾತ್ರ ಕೆಲಸ ಮಾಡುತ್ತದೆ. ಕ್ಷಾರೀಯ ಸಾಬೂನಿನಲ್ಲಿ ಅದು ಇದ್ದೂ ಇಲ್ಲದಂತೆ. ಅದಕ್ಕೆ ಅನುಕೂಲವಾಗಲೆಂದು ಲಿಂಬೆರಸ ಹಿಂಡಿದರೆ ಸಾಬೂನೇ ಒಡೆದು ಕೊಬ್ಬಿನಂಶ ಮೇಲೆ ತೇಲುತ್ತದೆ. ಇ ಜೀವಸತ್ವ ಎಣ್ಣೆ ಕಮಟಾಗುವುದನ್ನು ತಡೆದೀತು, ಬ್ಯಾಕ್ಟೀರಿಯಾವನ್ನಲ್ಲ. ಕ್ಷಾರದಲ್ಲಿಯೂ ಕೆಲಸ ಮಾಡುವ ಸಂರಕ್ಷಕವನ್ನು ಹೇಳಿದ ಪ್ರಮಾಣದಲ್ಲಿ ತೂಗಿ ಹಾಕಲಾಗದವರು ಕಷಾಯದ ಆಸೆಯನ್ನೇ ಬಿಡುವುದು ಒಳ್ಳೆಯದು.

ಮಾರಾಟದ ಮಾತು ಬಂದಲ್ಲಿ ಕಾನೂನೂ ಬರುತ್ತದೆ. 1940ರ ಔಷಧ ಮತ್ತು ಪ್ರಸಾಧನ ಸಾಮಗ್ರಿ ಕಾಯಿದೆಯ ಪ್ರಸಾಧನ ವ್ಯಾಖ್ಯೆ ಮೊದಲು ಸಾಬೂನನ್ನು ಹೊರಗಿಟ್ಟಿತ್ತು. 1982ರ ತಿದ್ದುಪಡಿ ಆ ಮಾತುಗಳನ್ನು ತೆಗೆದುಹಾಕಿತು. ಆದುದರಿಂದ ಮೈಕೈ ತೊಳೆಯುವ ಸಾಬೂನನ್ನು ಮಾರಾಟಕ್ಕಾಗಿ ತಯಾರಿಸಲು ಪರವಾನಗಿ ಬೇಕು. ಮನೆಯ ಬಳಕೆಗೆ ಈ ಕಟ್ಟಿಲ್ಲ. ಶಾಲೆಗೆ ಉಚಿತವಾಗಿ ಕೊಡುವುದು ಮಾರಾಟವಲ್ಲವಾದರೂ ಅದನ್ನು ಮುಟ್ಟುವ ಕೈಗಳು ನೂರಾರು ಮಕ್ಕಳದು. ಕಾಸ್ಟಿಕ್ ಪೊಟ್ಯಾಶ್ ಚರ್ಮವನ್ನೂ ಕಣ್ಣನ್ನೂ ಸುಡುವಂಥದು. ತಯಾರಿಕೆಯ ಕೆಲಸವನ್ನು ಮಕ್ಕಳಿಗೆ ಒಪ್ಪಿಸಲೇಬಾರದು.

ಬಾಟಲಿಯ ಮೇಲೆ ತಯಾರಿಸಿದ ದಿನಾಂಕವನ್ನೂ ಬೆರೆಸಿದ ವಸ್ತುಗಳನ್ನೂ ಬರೆದಿರಲಿ. ಅರ್ಧ ಖಾಲಿಯಾದುದಕ್ಕೆ ಹೊಸದನ್ನು ಸುರಿಯದೆ, ಪೂರ್ತಿ ಬರಿದಾದ ಮೇಲೆ ಬಾಟಲಿಯನ್ನು ತೊಳೆದು ಒಣಗಿಸಿ ತುಂಬಿಸಬೇಕು. ಮಳೆಗಾಲದಲ್ಲಿ ಒಣಗುವುದು ತಡವಾಗುವುದರಿಂದ ಎರಡು ಬಾಟಲಿಗಳನ್ನು ಸರದಿಯಲ್ಲಿ ಬಳಸಬಹುದು. ವಾಸನೆ ಬದಲಾದರೆ ಅಥವಾ ಮೇಲೆ ಪೊರೆ ಕಟ್ಟಿದರೆ ಚೆಲ್ಲಿಬಿಡಬೇಕು.